ಕರ್ಜನ್ ಸಾಹೇಬನ ಮನೆ ನೋಡಿ ಬಂದೆ

ಡರ್ಬಿ, ಇಂಗ್ಲೆಂಡ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೂ ಅವ್ವನಿಗೂ ಮಗಳ ಶರಣು.

ನಾನು ಆರಾಮ ಇದ್ದೇನೆ. ದಿನಾ ಫೋನ್ ಮಾಡುವವಳಿಗೆ ಪತ್ರ ಯಾಕೆ ಬೇಕಿತ್ತು ಅಂತ ಅವ್ವ ಕೇಳುತ್ತಾಳೆ, ಗೊತ್ತು. ಆದರೆ ಜೀವನವಿಡೀ ಅಂಚೆ ಕಚೇರಿಯಲ್ಲಿ ದುಡಿದ ಅಪ್ಪನಿಗೆ ಮಗಳಿಂದ ಒಂದು ಕಾಗದವೂ ಬರದಿದ್ದರೆ ಹೇಗೆ? ಅದೂ ಅಲ್ಲದೆ, ಈ ಸಲದ ಕಥೆಯಲ್ಲಿ ಅಂಚೆ ಕಚೇರಿಗೂ ಒಂದು ಪಾಲಿದೆ. ಅದು ಕೊನೆಗೆ.

ಆಸ್ಪತ್ರೆಯಲ್ಲಿ ನಾಲ್ಕು ನೈಟ್ ಶಿಫ್ಟ್ ಮುಗಿಸಿ ಇವತ್ತು ರಜೆ. ಜೊತೆಗೆ ಕೆಲಸ ಮಾಡುವ ಕೇರಳದ ಹುಡುಗಿ ಕಾರು ತಂದಳು. ಊರಾಚೆ ಹತ್ತಿರದಲ್ಲೇ ಕೆಡಲ್‌ಸ್ಟನ್ ಹಾಲ್ ಅಂತ ಇದೆ, ಹೋಗಿ ಬಂದೆವು. ಅಪ್ಪಾ, ಅದು ಲಾರ್ಡ್ ಕರ್ಜನ್ ಹುಟ್ಟಿದ ಮನೆ. ಹೌದು, ಬಂಗಾಳ ಒಡೆದ ಕರ್ಜನ್ನೇ. "1905, ಬಂಗಾಳ ವಿಭಜನೆ" ಅಂತ ನೀವೇ ನನ್ನಿಂದ ಬಾಯಿಪಾಠ ಮಾಡಿಸಿದ್ದಿರಿ.

ಗೋಲಗುಮ್ಮಟದ ನೆರಳಲ್ಲಿ ಬೆಳೆದವರು ಯಾವ ಕಟ್ಟಡಕ್ಕೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಆದರೂ ಒಳಗೆ ಕಾಲಿಟ್ಟ ಕೂಡಲೇ ಅಲಬಾಸ್ಟರ್ ಎಂಬ ಅಮೃತಶಿಲೆಯಂಥ ಕಲ್ಲಿನ ಇಪ್ಪತ್ತು ದೊಡ್ಡ ದೊಡ್ಡ ಕಂಬ ನೋಡಿ ನಾನು ಸುಮ್ನೆ ನಿಂತುಬಿಟ್ಟೆ. 1759ರಲ್ಲಿ ಶುರುವಾದ ಕೆಲಸವಂತೆ. ರಾಬರ್ಟ್ ಆಡಮ್ ಎಂಬ ವಾಸ್ತುಶಿಲ್ಪಿಯದು. ಮನೆಯ ಸುತ್ತ ನೋಟ ಚೆನ್ನಾಗಿರಲಿ ಅಂತ ಅಲ್ಲಿದ್ದ ಹಳ್ಳಿಯನ್ನೇ ಎಬ್ಬಿಸಿ ಬೇರೆ ಕಡೆ ಕಳಿಸಿದರು, ಚರ್ಚ್ ಒಂದನ್ನು ಬಿಟ್ಟು. ನನಗೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಸೋದರಮಾವ ನೆನಪಾದ. ಅಲ್ಲಿ ನೀರಿಗಾದರೂ ಹೋಯಿತು. ಇಲ್ಲಿ ಬರೀ ನೋಟಕ್ಕೆ!

ಕಲ್ಕತ್ತಾದಲ್ಲಿ ವೈಸ್ರಾಯ್ ಇರುತ್ತಿದ್ದ ಗವರ್ನಮೆಂಟ್ ಹೌಸ್ ಕಟ್ಟುವಾಗ ಇದೇ ಮನೆಯ ನಕ್ಷೆ ಮುಂದಿಟ್ಟುಕೊಂಡಿದ್ದರು. ಅಂದರೆ ಕರ್ಜನ್ 1899ರಲ್ಲಿ ವೈಸ್ರಾಯ್ ಆಗಿ ಹೋದಾಗ, ತನ್ನ ಮನೆಯಂಥದ್ದೇ ಮನೆಯಲ್ಲಿ ಇಳಿದ.

ಆದರೆ ಇಷ್ಟು ದೊಡ್ಡ ಮನೆಯಲ್ಲಿ ಮಕ್ಕಳ ಬಾಳು ಹೇಗಿತ್ತು ಕೇಳಿ. ಹನ್ನೊಂದು ಮಕ್ಕಳು, ಗಂಡುಮಕ್ಕಳಲ್ಲಿ ಇವನೇ ಹಿರಿಯ. ಅವನ ಅಪ್ಪ ಪಾದ್ರಿ, ಜಮೀನ್ದಾರ. ಮಕ್ಕಳನ್ನು ನೋಡಿಕೊಳ್ಳಲು ಮಿಸ್ ಪ್ಯಾರಮನ್ ಎಂಬಾಕೆ ಇದ್ದಳು. ಸುಳ್ಳು ಹೇಳಿದ ಅಂತ ಹುಡುಗನ ಕೈಯಲ್ಲೇ ಬಟ್ಲರನಿಗೆ ಚೀಟಿ ಬರೆಸಿದಳು: ನನಗೆ ಹೊಡೆಯಲು ಒಂದು ಬೆತ್ತ ಮಾಡಿಕೊಡು ಅಂತ. ಅದನ್ನು ಆಳುಗಳ ಮುಂದೆ ಓದಿ ಹೇಳಬೇಕು ಅಂತಲೂ ಅದರಲ್ಲೇ ಬರೆಸಿದಳು. ದೊಡ್ಡವನಾದ ಮೇಲೂ ಅವನು ಅದನ್ನು ಮರೆಯಲಿಲ್ಲ. ಯಾರು ಮರೆಯುತ್ತಾರೆ?

ಹರೆಯದಲ್ಲೇ ಬೆನ್ನುಮೂಳೆಗೆ ಪೆಟ್ಟಾಗಿ ಜೀವನಪೂರ್ತಿ ಬೆನ್ನಿಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡೇ ಇದ್ದ. ಫೋಟೋಗಳಲ್ಲಿ ಕೋಲು ನುಂಗಿದವನ ಹಾಗೆ ನಿಂತಿರುತ್ತಾನಲ್ಲ, ಜನ ಅದನ್ನು ಸೊಕ್ಕು ಅಂದರು. ಸೊಕ್ಕೂ ಇತ್ತು ಬಿಡಿ, ಸಣ್ಣದಲ್ಲ. ಆದರೆ ನಮ್ಮ ವಾರ್ಡಿನಲ್ಲಿ ಬೆನ್ನಿಗೆ ಬೆಲ್ಟ್ ಹಾಕಿದವರು ನಿಲ್ಲುವುದೇ ಹಾಗೆ.

ಅವ್ವಾ, ಇನ್ನು ನಿನ್ನ ಪಾಲಿನದು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಉಡುಗೆ ಇದೆ. ಅವನ ಹೆಂಡತಿ ಮೇರಿ, ಶಿಕಾಗೋದ ದೊಡ್ಡ ವ್ಯಾಪಾರಿ ಲೀವೈ ಲೈಟರ್‌ನ ಮಗಳು, 1903ರ ದೆಹಲಿ ದರ್ಬಾರಿನಲ್ಲಿ ತೊಟ್ಟದ್ದು. ಮೈತುಂಬ ನವಿಲುಗರಿ. ಒಂದರ ಮೇಲೊಂದು ಕೂರಿಸಿದ ಹಾಗೆ, ಬಟ್ಟೆ ಕಾಣುವುದೇ ಇಲ್ಲ. ಎಲ್ಲ ಬೆಳ್ಳಿ ಬಂಗಾರದ ಎಳೆಯ ಜರ್ದೋಸಿ. ಪ್ರತಿ ಗರಿಯ ಕಣ್ಣಲ್ಲಿ ಹಸಿರು ಹೊಳೆಯುತ್ತಿತ್ತು. ಪಚ್ಚೆ ಕಲ್ಲು ಅಂದುಕೊಂಡೆ. ಅಲ್ಲ, ಜೀರುಂಡೆ ರೆಕ್ಕೆ! ನಾಲ್ಕೂವರೆ ಕಿಲೋ ತೂಕವಂತೆ. ಹೊಲಿದದ್ದು ಪ್ಯಾರಿಸ್ಸಿನ ವರ್ತ್ ಅಂಗಡಿಯವರು. ಅವರ ಹೆಸರು ಎಲ್ಲ ಕಡೆ ಇದೆ. ಭಾರತದಲ್ಲಿ ಕಣ್ಣು ಸೋಲಿಸಿಕೊಂಡು ಗರಿ ತುಂಬಿದ ನಮ್ಮ ಕಸುಬುದಾರರ ಹೆಸರು ಎಲ್ಲಿಯೂ ಕಾಣಲಿಲ್ಲ. ಇಳಕಲ್ ಸೀರೆ ಮೇಲೆ ನೀನು ಹಾಕುವ ಕಸೂತಿ ನೆನಪಾಯಿತು. ನೀನೂ ಯಾವತ್ತೂ ಹೆಸರು ಹಾಕಿದವಳಲ್ಲ, ಅಲ್ವಾ?

ಅದರ ಮುಂದೆ ನಿಂತಾಗ ಇನ್ನೊಂದು ಲೆಕ್ಕವೂ ತಲೆಗೆ ಬಂತು. ಈ ದರ್ಬಾರಿಗೆ ಮೂರೇ ವರ್ಷದ ಹಿಂದೆ ಮುಂಬೈ ಪ್ರಾಂತ್ಯದಲ್ಲಿ ಜನ ಬರಕ್ಕೆ ಸಾಯುತ್ತಿದ್ದರು. ನಮ್ಮ ಬಿಜಾಪುರವೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಪರಿಹಾರಕ್ಕೆ ಕೈ ಬಿಚ್ಚಿ ಖರ್ಚು ಮಾಡುವುದು ತಪ್ಪು ಅನ್ನುತ್ತಿದ್ದವನು ಈ ಕರ್ಜನ್ನೇ.

ಮೇರಿ 1906ರಲ್ಲಿ ತೀರಿಕೊಂಡಳು. 36 ವರ್ಷ ಅಷ್ಟೇ. ಮೂರು ಹೆಣ್ಣುಮಕ್ಕಳು: ಐರೀನ್, ಸಿಂಥಿಯಾ, ಅಲೆಕ್ಸಾಂಡ್ರಾ. ಕೊನೆಯವಳಿಗೆ ಸಿಮ್ಲಾ ಹತ್ತಿರದ ನಾಲ್ಡೇರಾ ಊರಿನ ಹೆಸರನ್ನೂ ಸೇರಿಸಿ ಇಟ್ಟಿದ್ದರು. ಗಂಡು ಮಗು ಆಗಲಿಲ್ಲ, ಆ ಕೊರಗು ಹೋಗಲೇ ಇಲ್ಲ. 1917ರಲ್ಲಿ ಗ್ರೇಸ್ ಎಂಬಾಕೆಯನ್ನು ಮದುವೆಯಾದ. ಅಲ್ಲೂ ಮಗು ಇಲ್ಲ. ಆಮೇಲೆ ಜಗಳ ಶುರುವಾದದ್ದು ದುಡ್ಡಿಗೆ. ಶಿಕಾಗೋದ ಅಜ್ಜನ ಆಸ್ತಿಯ ಆದಾಯ ಮಕ್ಕಳ ಹೆಸರಲ್ಲಿ ಬರುತ್ತಿತ್ತು. ಅದರಲ್ಲೇ ಮನೆ ನಡೆಯುತ್ತಿತ್ತು. ವಯಸ್ಸಿಗೆ ಬಂದ ಹಿರಿಯ ಇಬ್ಬರು ನಮ್ಮ ಪಾಲು ನಮಗೆ ಕೊಡಿ ಅಂದರು. ಅಪ್ಪನಿಗೆ ಅದು ದ್ರೋಹವಾಗಿ ಕಂಡಿತು. ಪಾಲಿನ ಜಗಳ ನಮ್ಮ ಓಣಿಯಲ್ಲಿ ಮಾತ್ರ ಅಂದುಕೊಂಡಿದ್ದೆ.

ನನಗೆ ನಗು ಬಂದದ್ದು ಒಂದು ವಿಷಯಕ್ಕೆ. ಹೆಂಗಸರಿಗೆ ಮತ ಬೇಡ ಅಂತ ಸಂಘ ಕಟ್ಟಿಕೊಂಡು ಓಡಾಡಿದವನು ಈ ಕರ್ಜನ್. 1929ರಲ್ಲಿ ಸಿಂಥಿಯಾ ಪಾರ್ಲಿಮೆಂಟಿಗೆ ಗೆದ್ದು ಹೋದಳು, ಅದೂ ಲೇಬರ್ ಪಕ್ಷದಿಂದ! 1958ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಮೊದಲ ಬಾರಿ ಹೆಂಗಸರಿಗೆ ಜೀವಾವಧಿ ಸ್ಥಾನ ಕೊಟ್ಟಾಗ, ಆ ನಾಲ್ವರಲ್ಲಿ ಐರೀನ್ ಒಬ್ಬಳು. ಅಪ್ಪ ಮಾತ್ರ ನೋಡಲು ಇರಲಿಲ್ಲ. 1923ರಲ್ಲಿ ಪ್ರಧಾನಿ ಪಟ್ಟ ಬಾಯಿಗೆ ಬಂದು ಜಾರಿ ಬಾಲ್ಡ್ವಿನ್ ಪಾಲಾಯಿತು. 1925ರಲ್ಲಿ ಹೋಗಿಬಿಟ್ಟ. ಗಂಡು ವಾರಸುದಾರ ಇಲ್ಲದ್ದಕ್ಕೆ ಮಾರ್ಕ್ವಿಸ್ ಎಂಬ ಅವನ ದೊಡ್ಡ ಶ್ರೀಮಂತ ಪದವಿ ಅವನ ಜೊತೆಗೇ ಮಣ್ಣಾಯಿತು. "ಕರ್ಜನ್ ಹಿಡಿದದ್ದು ಕರ್ಜನ್ ಕೈಯಲ್ಲೇ ಇರಲಿ" ಅನ್ನುವುದು ಅವರ ಮನೆತನದ ಮಾತು. ಮನೆ ಮಾತ್ರ 1987ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ. ನಾವು ಟಿಕೆಟ್ ತಗೊಂಡು ಒಳಗೆ ಹೋದೆವು.

ಚರ್ಚಿನೊಳಗೆ ಮೇರಿಯ ಬಿಳಿ ಅಮೃತಶಿಲೆಯ ಮೂರ್ತಿ ಮಲಗಿದೆ. ಪಕ್ಕದಲ್ಲಿ ಅವನದೂ. ಅವನು ಸತ್ತ ಮೇಲೆ ಗ್ರೇಸ್ ಕೆಳಗಿನ ನೆಲಮಾಳಿಗೆಗೆ ಇಳಿದರೆ, ಒಂದು ಕಡೆ ಗಂಡನ ಕೈಬರಹದ ಚೀಟಿ ಇತ್ತಂತೆ: ಈ ಜಾಗ ಎರಡನೇ ಲೇಡಿ ಕರ್ಜನ್‌ಗೆ ಕಾದಿರಿಸಿದೆ ಅಂತ. ಅಡುಗೆಯ ಪಟ್ಟಿಯಿಂದ ಆಳುಗಳ ಸಂಬಳದವರೆಗೆ ಎಲ್ಲವನ್ನೂ ತಾನೇ ನೋಡುತ್ತಿದ್ದವನು, ಇದನ್ನೂ ಬಿಡಲಿಲ್ಲ. ಕೇರಳದ ಹುಡುಗಿ ಜೋರಾಗಿ ನಕ್ಕಳು. ನನಗೆ ಯಾಕೋ ಪಾಪ ಅನ್ನಿಸಿತು. ಗ್ರೇಸ್ ಬಗ್ಗೆ.

ಈಗ ಅಂಚೆ ಕಚೇರಿ. ಹಳೆಯ ಕಟ್ಟಡ ಅಂದರೆ ಇವನಿಗೆ ಪ್ರಾಣ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ತಂದವನು ಇವನೇ. ಬಿಜಾಪುರಕ್ಕೆ ಬಂದಾಗ ಒಂದು ಮಸೀದಿಯಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿದ್ದವು. ಎರಡನ್ನೂ ಹೊರಗೆ ಹಾಕಿಸಿದ. ಅಪ್ಪಾ, ನಿಮ್ಮ ಇಲಾಖೆಯನ್ನೇ ಒಕ್ಕಲೆಬ್ಬಿಸಿದ್ದಾನೆ! ಅದು ಯಾವ ಮಸೀದಿ, ನಿಮ್ಮ ಹಳೆಯ ಗೆಳೆಯರಲ್ಲಿ ಯಾರಿಗಾದರೂ ಗೊತ್ತಿರಬಹುದು. ಸಂಜೆ ವಾಕಿಂಗಿಗೆ ಹೋದಾಗ ವಿಚಾರಿಸಿ, ಉತ್ತರ ಬರೆಯಿರಿ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆಯಿರಿ.

ಅವ್ವಾ, ಶೇಂಗಾ ಚಟ್ನಿ ಮುಗಿಯುತ್ತಾ ಬಂತು.

ನಿಮ್ಮ ಮಗಳು