ಮಲ್ಲಿಗೆ ಇರುವ ಊರಿಗೆ ಎಲ್ಡರ್‌ಫ್ಲವರ್ ಬಾಟಲಿ ಯಾಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬೇಸಿಗೆಗೆ ಅಂತ ಒಂದು ಕಾಕ್‌ಟೇಲ್ ಮಾಡುವ ವಿಧಾನ ಬಂದಿತ್ತು. ಜಿನ್, ನಿಂಬೆರಸ, ಸೋಡಾ, ಜೊತೆಗೆ ಎಲ್ಡರ್‌ಫ್ಲವರ್ ಲಿಕ್ಯೂರ್, ಅಂದರೆ ಆ ಹೂವಿನ ಘಮದ ಸಿಹಿ ಮದ್ಯ. ಓದೋಕೆ ಚೆನ್ನಾಗಿತ್ತು. ಆದರೆ ಆ ಬಾಟಲಿಯನ್ನು ಬಳ್ಳಾರಿಯಲ್ಲಿ ಎಲ್ಲಿ ಅಂತ ಹುಡುಕೋದು? ಎಲ್ಡರ್‌ಫ್ಲವರ್ ಅಂದರೆ ಯುರೋಪಿನಲ್ಲಿ ಬೇಸಿಗೆ ಶುರುವಾಗುವಾಗ ಬೇಲಿ ಸಾಲಿನಲ್ಲಿ ಗೊಂಚಲು ಗೊಂಚಲಾಗಿ ಅರಳುವ ಬಿಳಿ ಹೂವು. ಅಲ್ಲಿಯವರು ಅದನ್ನು ನಿಂಬೆ ಹೋಳಿನ ಜೊತೆ ಸಕ್ಕರೆ ಪಾಕದಲ್ಲಿ ನೆನೆಸಿ, ಸೋಸಿ, ಮನೆಯಲ್ಲೇ ಶರಬತ್ತು ಮಾಡಿಕೊಳ್ಳುತ್ತಾರೆ. ಅವರ ಬೇಲಿಯ ಹೂವು ಅವರಿಗೆ. ನಮ್ಮ ಹಿತ್ತಲಿನ ಮಲ್ಲಿಗೆಯನ್ನು ನಾವ್ಯಾಕೆ ಬಳಸಬಾರದು?

ಹೂವು, ಹುಳಿ, ಸಿಹಿ ಕೂಡಿಸಿ ಕುಡಿಯೋದು ನಮಗೇನೂ ಹೊಸದಲ್ಲ. ಯುಗಾದಿ ದಿನ ನಮ್ಮ ಕಡೆ ಬೇವು ಕುಡಿಯುತ್ತೇವೆ ಅಲ್ವಾ? ಹುಣಸೆ ರಸ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ, ಮೇಲೆ ಬೇವಿನ ಹೂವು. ಇನ್ನು ಮಲ್ಲಿಗೆ ಅಂದರೆ ಹೂವಿನಹಡಗಲಿಯದಕ್ಕೆ ಜಿಐ (ಇದು ಇಂಥ ಊರಿನದ್ದೇ ಅಂತ ಗುರುತಿಸುವ ಭೌಗೋಳಿಕ ಸೂಚಿಕೆ) ಮಾನ್ಯತೆಯೇ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ಹಡಗಲಿ ನಮ್ಮ ಜಿಲ್ಲೆಯಲ್ಲೇ ಇತ್ತು.

ನಮ್ಮ ಮನೆಯಲ್ಲಿ ಮಾಡೋದು ದುಂಡುಮಲ್ಲಿಗೆಯಲ್ಲಿ. ಸಂಜೆ ಹೊತ್ತಿಗೆ, ಇನ್ನೇನು ಅರಳಬೇಕು ಅನ್ನುವಂಥ ಮೊಗ್ಗು ಒಂದು ಹಿಡಿ ಬಿಡಿಸಿ, ಹಸಿರು ತೊಟ್ಟು ತೆಗೆದು ತೊಳೆಯಬೇಕು. ಕಾಯಿಸಿ ಆರಿಸಿದ ಒಂದು ಲೋಟ ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿಡಿ. ರಾತ್ರಿ ಮೊಗ್ಗು ಬಿರಿಯುತ್ತವೆ, ಘಮ ಎಲ್ಲಾ ಮುಚ್ಚಳದ ಒಳಗೇ ಉಳಿದು ನೀರಿಗೆ ಇಳಿಯುತ್ತೆ. ಬೆಳಗ್ಗೆ ಹೂವು ಬಾಡುವ ಮೊದಲೇ ಸೋಸಿಬಿಡಿ. ದಯವಿಟ್ಟು ಯಾರೂ ಇದನ್ನು ಒಲೆ ಮೇಲೆ ಇಡಬೇಡಿ, ಕುದಿಸಿದರೆ ಪರಿಮಳ ಹಬೆ ಜೊತೆ ಹೋಗುತ್ತೆ, ಉಳಿಯೋದು ಕಹಿ. ಆಮೇಲೆ ಒಂದು ಲೋಟ ಸಕ್ಕರೆಗೆ ಎರಡು ನಿಂಬೆಹಣ್ಣಿನ ಸಿಪ್ಪೆಯನ್ನು ಮೇಲುಮೇಲೆ ತುರಿದು ಹಾಕಿ (ಒಳಗಿನ ಬಿಳಿ ಬರಬಾರದು, ಅದೂ ಕಹಿ), ಬೆರಳಿನಿಂದ ತಿಕ್ಕುತ್ತಾ ಹೋದರೆ ಸಿಪ್ಪೆಯ ಎಣ್ಣೆ ಬಿಟ್ಟು ಸಕ್ಕರೆ ಒದ್ದೆಯಾಗುತ್ತೆ. ಆ ಸಕ್ಕರೆಯನ್ನು ಹೂವಿನ ನೀರಿನಲ್ಲಿ ಕದಡಿ ಕರಗಿಸಿ, ಸೋಸಿ ಫ್ರಿಜ್ಜಿನಲ್ಲಿಡಿ. ಕುಡಿಯುವಾಗ ಒಂದು ಗ್ಲಾಸಿಗೆ ಈ ಪಾಕ ಎರಡು ಚಮಚ, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಐಸು, ಮೇಲೆ ತಣ್ಣನೆ ಸೋಡಾ.

ಜಿನ್ ಬೇಕು ಅನ್ನುವವರು 60 ಎಂಎಲ್ ಜಿನ್, 25 ಎಂಎಲ್ ನಿಂಬೆರಸ, 25 ಎಂಎಲ್ ಪಾಕ ಐಸಿನ ಜೊತೆ ಕುಲುಕಿ ಸೋಡಾ ಸುರಿದುಕೊಳ್ಳಲಿ. ಆದರೆ ಹೊತ್ತು ಮುಳುಗಿದ ಮೇಲೆ. ಮದ್ಯ ಮೂತ್ರ ಜಾಸ್ತಿ ಮಾಡಿ ಮೈಯಲ್ಲಿರುವ ನೀರನ್ನು ಹೊರಗೆ ಹಾಕುತ್ತೆ. ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿರುವಾಗ ಅದನ್ನು ತಂಪು ಪಾನೀಯ ಅಂತ ಕುಡಿಯೋದು ಅಪಾಯ. ನಿಮ್ಮ ಲೇಖನದಲ್ಲಿ ಈ ಮಾತು ಇರಲೇಬೇಕಿತ್ತು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಮಾರ್ಕೆಟ್ಟಿನಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ಹೂವನ್ನು ಇದಕ್ಕೆ ಬಳಸಲೇಬಾರದು. ಮೊಗ್ಗು ಕೊರೆಯುವ ಹುಳಕ್ಕೆ ಅಂತ ಔಷಧಿ ಹೊಡೆದಿರುತ್ತಾರೆ. ಅದು ಮುಡಿಯೋಕೆ, ದೇವರಿಗೆ ಏರಿಸೋಕೆ ಬೆಳೆದ ಹೂವು, ಸುಮ್ನೆ ತೊಳೆದರೆ ವಿಷ ಹೋಗುತ್ತೆ ಅಂತ ನಂಬಬೇಡಿ. ಔಷಧಿ ಹೊಡೆಯದ ಮನೆಯ ಗಿಡದ್ದೇ ಆಗಬೇಕು. ಕುಂಡದಲ್ಲಿ ಒಂದು ಗಿಡ ಇದ್ದರೂ ಸಾಕು. ಹೂವು ಯಾವುದಾದರೇನು ಅಂತ ಕಣಗಿಲೆಯಂಥದ್ದನ್ನು ಯಾರಾದರೂ ಹಾಕಿದರೆ ಜೀವಕ್ಕೇ ಕುತ್ತು.

ಪುರವಣಿಯಲ್ಲಿ ಇನ್ನೊಮ್ಮೆ ಹೂವಿನ ಪಾನೀಯದ ಬಗ್ಗೆ ಬರೆಯುವಾಗ ಬಾಟಲಿಯ ಹೆಸರಿನ ಜೊತೆಗೆ ಇಲ್ಲಿ ಸಿಗುವ ಹೂವಿನ ಹೆಸರನ್ನೂ ಹಾಕಿ, ಈ ಔಷಧಿ ವಿಷಯವನ್ನು ದಪ್ಪ ಅಕ್ಷರದಲ್ಲಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ