ಕಾಗದದ ಹಿಂದಿನ ಮಗ್ಗುಲು

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿ ಕೈಸೇರಿ ಮೂರು ವಾರ ಆಯ್ತು. ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. "ಬ್ಯಾಂಕಿನಲ್ಲಿ ನನ್ನನ್ನು ಪಾದ್ರಿ ಅಂತ ಕರೆಯುತ್ತಾರೆ, ಇಗರ್ಜಿಯಲ್ಲಿ ನಿನ್ನ ಕಥೆಗೆ ಭಕ್ತಿ ಸಾಲದು ಅನ್ನುತ್ತಾರೆ, ಬರೆಯುವುದನ್ನೇ ಬಿಟ್ಟುಬಿಡಲಾ?" ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಪತ್ರ. ಪ್ರಕಾಶಕರು ಯಾರು, ಮುನ್ನುಡಿ ಯಾರ ಹತ್ತಿರ ಬರೆಸಬೇಕು, ಎಷ್ಟು ಪುಟ ಇರಬೇಕು, ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳು.

ನಿನ್ನ ನಾಯಕ ದಿನಾ ಪೂಜೆಗೆ ಹೋಗುತ್ತಾನೆ. ರಾತ್ರಿ ಮನೆಯವರನ್ನೆಲ್ಲ ಕೂರಿಸಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಿಸುತ್ತಾನೆ. ಲಂಚ ಬೇಡ ಅನ್ನುತ್ತಾನೆ, ಮುಂದಿನ ತಿಂಗಳೇ ಮ್ಯಾನೇಜರ್ ಆಗುತ್ತಾನೆ! ನೀನು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಆರು ವರ್ಷ ಆಯ್ತು. ಹಾಗೆ ಆದದ್ದನ್ನು ಒಂದು ಸಲವಾದರೂ ಕಂಡಿದ್ದೀಯಾ? ಕಾಣದ್ದನ್ನು ಯಾಕೆ ಬರೆದೆ? ದೇವರ ಮರ್ಯಾದೆ ಉಳಿಸಲಿಕ್ಕಾ? ಬೈಬಲಿನ ಯೋಬ ತನ್ನ ಗೆಳೆಯರನ್ನು ಕೇಳುವುದು ಅದನ್ನೇ, ದೇವರ ಪರವಾಗಿ ಸುಳ್ಳು ಹೇಳುತ್ತೀರಾ ಅಂತ. ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದನ್ನು ನಾವೆಲ್ಲ ದೊತೊರ್ನಿಯಲ್ಲಿ, ಇಗರ್ಜಿಯ ಧರ್ಮಪಾಠದಲ್ಲಿ, ಬಾಯಿಪಾಠ ಮಾಡಿದ್ದೇವೆ, ಸುಳ್ಳು ಸಾಕ್ಷಿ ಹೇಳಬೇಡ. ಕಥೆ ಬರೆಯುವವನಿಗೆ ಅದರಿಂದ ರಿಯಾಯಿತಿ ಇದೆ ಅಂತ ಯಾರೂ ನಮಗೆ ಹೇಳಿಕೊಡಲಿಲ್ಲ.

ನನಗೂ ಇದು ತಡವಾಗಿಯೇ ಗೊತ್ತಾದದ್ದು. ಒಬ್ಬ ಸಂಪಾದಕರು ನನ್ನ ಕಥೆಯ ಕೊನೆ ಬದಲಿಸಿ, ಸಾಯಬೇಕಾದ ಮಗುವನ್ನು ಮಾತೆಯ ಹಬ್ಬದ ದಿನ ಬದುಕಿಸಿದರು. ಜನ ಕಣ್ಣೀರು ಹಾಕಿ ಓದಿದರು. ನಾನು ಸಂಭಾವನೆ ತಗೊಂಡು ಸುಮ್ಮನಾದೆ. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನದೂ ಇಳಿದಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾನು ಕಾಸರಗೋಡಿನಲ್ಲಿ ಅರ್ಜಿ ಬರೆದು ಹೊಟ್ಟೆ ಹೊರೆದವನು, ನಿನಗೆ ಗೊತ್ತು. 1956ರ ನವೆಂಬರಿನಲ್ಲಿ ನಮ್ಮೂರು ಕೇರಳಕ್ಕೆ ಸೇರಿದ ಮೇಲೆ ನಮ್ಮ ಬದುಕು ಎರಡು ಕಡೆ ಹಂಚಿಹೋಯ್ತಲ್ಲ. ನನಗೆ ಜ್ಞಾನಸ್ನಾನ ಆದ ಬೇಳದ ಶೋಕಮಾತೆಯ ಇಗರ್ಜಿ ಮಂಗಳೂರು ಧರ್ಮಪ್ರಾಂತದ್ದು, ಕಚೇರಿಯ ಕಾಗದ ಬರುವುದು ಮಲಯಾಳದಲ್ಲಿ. ಕನ್ನಡ ಮಾತ್ರ ಬಲ್ಲವರು ಆ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ಓದಿ ಹೇಳಿದರೆ ಎರಡು ರೂಪಾಯಿ.

ಒಂದು ಮಳೆಗಾಲ, ಪೆರ್ಲದ ಕಡೆಯ ಅಜ್ಜಿಯೊಬ್ಬರು ಬಂದರು. ಪ್ಲಾಸ್ಟಿಕ್ ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ, ಅದರೊಳಗೆ ನಾಲ್ಕು ಮಡಿಕೆ ಮಾಡಿದ ನೋಟೀಸು. ಬೆರಳು ಒದ್ದೆ ಇದೆ ಅಂತ ಅವರು ಅದನ್ನು ಮುಟ್ಟದೆ ತೊಟ್ಟೆಯನ್ನೇ ನನ್ನ ಕಡೆ ದೂಡಿದರು. ಸಾಲಿನಲ್ಲಿ ಹತ್ತು ಜನ ಕಾಯುತ್ತಿದ್ದರು. ನಾನು ಮೇಲಿನ ನಾಲ್ಕು ಸಾಲು ಓದಿ, "ಏನಿಲ್ಲ ಅಜ್ಜಿ, ಜಾಗದ ತೀರ್ವೆಯ ಕಾಗದ, ಹೋಗಿ" ಅಂದೆ. ತಿರುಗಿಸಿ ನೋಡಲಿಲ್ಲ. ಮೂವತ್ತು ದಿನದೊಳಗೆ ಆಕ್ಷೇಪ ಹಾಕಬೇಕು ಅಂತ ಹಿಂದಿನ ಮಗ್ಗುಲಲ್ಲಿ ಇತ್ತು. ಅವರು ಮತ್ತೆ ಬಂದಾಗ ಗಡುವು ಮುಗಿದಿತ್ತು. ಅಡಿಕೆ ಇದ್ದ ಇಪ್ಪತ್ತು ಸೆಂಟ್ಸ್ ಜಾಗ ಹೋಯ್ತು.

ಆ ದಿನವೂ ನಾನು ಬೆಳಗ್ಗಿನ ಪೂಜೆ ಮುಗಿಸಿಯೇ ಮೇಜಿಗೆ ಬಂದಿದ್ದೆ, ತಮ್ಮಾ. ಶರ್ಟಿನ ಕಿಸೆಯಲ್ಲಿ ಜಪಸರ ಇತ್ತು.

ಪಾಪನಿವೇದನೆಗೆ ಹೋದೆ. ಪ್ರಾಯಶ್ಚಿತ್ತಕ್ಕೆ ಇಷ್ಟು ಪ್ರಾರ್ಥನೆ ಹೇಳು ಅನ್ನುತ್ತಾರೆ ಅಂದುಕೊಂಡಿದ್ದೆ. ಫಾದರ್ ಕೇಳಿದ್ದು ಒಂದೇ: "ಅವರ ಮನೆಗೆ ಹೋಗಿದ್ದೀಯಾ?" ಹೋಗಿರಲಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಅಜ್ಜಿ ಬೈಯಲಿಲ್ಲ. ಬೆಲ್ಲದ ತುಂಡು, ನೀರು ತಂದಿಟ್ಟು ಬಾಗಿಲ ಹತ್ತಿರ ಕೂತರು. ಅದನ್ನು ನುಂಗುವುದು ಎಷ್ಟು ಕಷ್ಟ ಆಯ್ತು ಅಂತ ನಿನಗೆ ಹೇಳಲಿಕ್ಕೆ ಬರುವುದಿಲ್ಲ. ಮತ್ತೆ ಮೂರು ವರ್ಷ ಅವರಿಗಾಗಿ ಅರ್ಜಿ ಬರೆದೆ, ಕಚೇರಿ ಅಲೆದೆ. ಜಾಗ ವಾಪಸ್ ಬರಲೇ ಇಲ್ಲ. ಆಮೇಲೆ ಯಾವ ಕಾಗದ ಬಂದರೂ ಎರಡೂ ಮಗ್ಗುಲು ಬೆರಳಿಟ್ಟು ಓದಿದೆ, ಸಾಲಿನಲ್ಲಿದ್ದವರು ಗೊಣಗಿದರೂ ಸರಿ.

ಬರೆಯುವವರ ಪಾಲಕ ಸಂತ ಯಾರು ಗೊತ್ತಲ್ವಾ? ಫ್ರಾನ್ಸಿಸ್ ದೆ ಸೇಲ್ಸ್, ಹಬ್ಬ ಜನವರಿ 24. ಜನ ತಮ್ಮ ಬೋಧನೆ ಕೇಳಲು ಬಾರದಿದ್ದಾಗ ಚೀಟಿ ಬರೆದು ಅವರ ಬಾಗಿಲ ಸಂದಿಯಲ್ಲಿ ತಳ್ಳಿದವರು. 1609ರಲ್ಲಿ ಅವರು ಒಂದು ಪುಸ್ತಕ ತಂದರು, ಮಠದವರಿಗಲ್ಲ, ಸಂಸಾರ, ಕಸುಬು ಅಂತ ಇರುವವರಿಗೆ. ಸಿಪಾಯಿಗೆ ಸಿಪಾಯಿಯ ಭಕ್ತಿ, ಕಸುಬಿನವನಿಗೆ ಅವನ ಕಸುಬಿನ ಒಳಗೇ ಭಕ್ತಿ, ಎಲ್ಲರಿಗೂ ಸನ್ಯಾಸಿಯದ್ದೇ ಹೊಂದುವುದಿಲ್ಲ ಅನ್ನುವುದು ಅವರ ವಾದ. ನಿನ್ನ ನಾಯಕನ ಭಕ್ತಿ ಎಲ್ಲಾ ಇಗರ್ಜಿಯಲ್ಲೂ ಮನೆಯಲ್ಲೂ ಇದೆ. ಮೇಜಿನ ಮೇಲೆ ಯಾಕಿಲ್ಲ?

ಇಲ್ಲ ಅಂದದ್ದು ತಪ್ಪಾಯ್ತು. ಒಂದು ಕಡೆ ಇದೆ. 88ನೇ ಪುಟ. ಹೆಂಗಸೊಬ್ಬಳು ಕರಿಮಣಿ ಅಡವಿಡಲು ಬರುತ್ತಾಳೆ. ಬ್ಯಾಂಕಿನ ಸರಾಫ ಸರದ ತುದಿಯನ್ನು ಒರೆಗಲ್ಲಿಗೆ ತಿಕ್ಕಿ, ಆಸಿಡ್ ಬಿಟ್ಟು ನೋಡಿ, ಮಣಿಯ ತೂಕ ಕಳೆಯುತ್ತಾನೆ. ಅವಳು ಯಾರೆಂದು ನಿನ್ನ ನಾಯಕನಿಗೆ ಗೊತ್ತು, ಇಗರ್ಜಿಯಲ್ಲಿ ಮುಂದಿನ ಬೆಂಚಿನವಳು. ಅವನು ತಲೆ ಎತ್ತದೆ ರಶೀದಿ ಬರೆಯುತ್ತಾನೆ. ಆದಿತ್ಯವಾರ ಅವಳ ಕುತ್ತಿಗೆಯಲ್ಲಿ ಬರೀ ಕರಿ ನೂಲು. ಹೆಂಡತಿ "ಅವಳ ಸರ ಎಲ್ಲಿ?" ಅಂತ ಕೇಳಿದರೆ "ಗೊತ್ತಿಲ್ಲ" ಅನ್ನುತ್ತಾನೆ.

ಎಂಥಾ ಜಾಗಕ್ಕೆ ಬಂದು ಮುಟ್ಟಿದ್ದೀಯ! ಗಿರಾಕಿಯ ಗುಟ್ಟು ಕಾಯಲಿಕ್ಕೆ ಸುಳ್ಳು ಹೇಳುತ್ತಾನೆ, ಎಂಟನೇ ಕಟ್ಟಳೆ ಬಾಯಿಪಾಠ ಇರುವವನು. ಅವನ ಎದೆಯೊಳಗೆ ಆಗ ಏನಾಗುತ್ತದೆ? ಕಾಣಿಕೆ ಎತ್ತುವಾಗ ಅವಳನ್ನು ನೋಡುತ್ತಾನಾ? ನೀನು ಮೂರೇ ವಾಕ್ಯದಲ್ಲಿ ಓಡಿಬಿಟ್ಟೆ, ಯಾಕಂದ್ರೆ ಅಲ್ಲಿ ಭಕ್ತಿ ಕಾಣಲಿಲ್ಲ ನಿನಗೆ. ನನಗೆ ಇಡೀ ಕಾದಂಬರಿಯಲ್ಲಿ ಅದೊಂದೇ ಪುಟದಲ್ಲಿ ಕಂಡದ್ದು. ಅಲ್ಲಿ ಕೂರು, ಒಂದು ತಿಂಗಳು ಕೂತರೂ ಪರವಾಗಿಲ್ಲ. ಮ್ಯಾನೇಜರ್ ಆಗುವ ಅಧ್ಯಾಯ ಹರಿದು ಹಾಕು.

ಒಂದು ಎಚ್ಚರಿಕೆ. ಆ ಹೆಂಗಸು ನಿನ್ನ ಕೌಂಟರಿಗೆ ನಿಜವಾಗಿ ಬಂದವಳಾದರೆ ಊರು, ಬೆಂಚು, ವಯಸ್ಸು ಎಲ್ಲಾ ಬದಲಿಸು. ಓದಿದ ಯಾರಿಗೂ ಅವಳ ಗುರುತು ಸಿಗಬಾರದು. ಸಿಗುತ್ತದೆ ಅಂತಾದರೆ ಆ ಪುಟ ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡು.

ಬರೆಯುವುದನ್ನು ಬಿಡಬೇಡ. ಮೊಂತಿ ಹಬ್ಬಕ್ಕೆ, ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮನೆಗೆ ಬಾ, ಹೊಸ ಅಕ್ಕಿಯ ಊಟ ಒಟ್ಟಿಗೆ ಮಾಡೋಣ. ಬರುವಾಗ ಆ ಭಾಗ ತಿದ್ದಿಕೊಂಡು ಬಾ. ಅವಳು ಸರ ಬಿಡಿಸಿಕೊಂಡಳಾ ಇಲ್ಲವಾ, ನೀನು ಬರೆದೇ ಇಲ್ಲ. ನನಗೆ ಅದು ಗೊತ್ತಾಗಬೇಕು.

ನಿನ್ನ ಅಣ್ಣ