ಹಲಸಿನ ಮೇಣ

ಬದಿಯಡ್ಕ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಚ್‌ಐವಿ ಪ್ರಯೋಗಾಲಯದ ಕೆಲಸದ ಬಗ್ಗೆ ನೀನು ಬರೆದ ಪತ್ರದಲ್ಲಿ ಉಳಿದದ್ದೆಲ್ಲ ಸಂತೋಷದ ಸಂಗತಿಯೇ. ಆದರೆ ಕೈಗವಸನ್ನು ದಾಟಿ ಸೂಜಿ ಚುಚ್ಚಿದಂತೆ ಕನಸು ಬೀಳುತ್ತದೆ, ಹಾಗಾದರೆ ಮನೆಯವರು ನನ್ನನ್ನು ಮುಟ್ಟುವರೇ ಎಂದು ಕೇಳಿದೆಯಲ್ಲ, ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತು.

ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ನಾನು ವೈರಸ್ಸು ಹಿಡಿದುಕೊಳ್ಳುವ ಕೋಶದ ಮೇಲಿನ ಪ್ರೋಟೀನು ಸಿಡಿ4 ಎಂಬಲ್ಲಿಗೆ ನಿಲ್ಲಿಸುತ್ತಿದ್ದೆ. ಎಚ್‌ಐವಿ ಕೋಶದೊಳಗೆ ಹೋಗಲು ಅದರ ಜೊತೆಗೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನು ಕೂಡ ಬೇಕೆಂಬುದು 1996ರಲ್ಲಿ ತಿಳಿದದ್ದಂತೆ. ನೀನು ಹಚ್ಚಿಕೊಂಡಿರುವ, ನಮ್ಮ ಕೋಶಗಳದ್ದೇ ಆದ ಟೆದರಿನ್ ಎಂಬ ಪ್ರೋಟೀನು ಮಾತ್ರ ನನಗೆ ಅರ್ಥವಾದದ್ದು ಮೊನ್ನೆ ಹಲಸಿನಕಾಯಿ ಕೊಯ್ಯುವಾಗ. ಕೋಶದ ಪೊರೆಯಿಂದ ಹೊರಬೀಳುವ ಹೊಸ ವೈರಸ್ಸುಗಳನ್ನು ಅದು ಹಲಸಿನ ಮೇಣದಂತೆ ಪೊರೆಗೇ ಅಂಟಿಸಿಡುತ್ತದೆ. ಕತ್ತಿಗೆ ತೆಂಗಿನೆಣ್ಣೆ ಸವರುವ ನಮ್ಮ ಉಪಾಯವೇ ವೈರಸ್ಸಿನ ವಿಪಿಯು ಎಂಬ ಪ್ರೋಟೀನಿನದೂ. ಎಣ್ಣೆ ಮೇಣವನ್ನು ಇಲ್ಲವಾಗಿಸದು, ವಿಪಿಯುವಾದರೋ ಟೆದರಿನ್ನನ್ನು ಪೊರೆಯಿಂದಲೇ ತೆಗೆಸಿಬಿಡುತ್ತದೆ. ಹೋಲಿಕೆ ಅಷ್ಟಕ್ಕೇ, ನಗಬೇಡ. ಹೊಸ ವೈರಸ್ಸಿನ ಹೊದಿಕೆಗೆ ಸೇರಿಕೊಂಡು ಅದನ್ನು ಕುಂಟಾಗಿಸುವ ಸೆರಿಂಕ್5 ಎಂಬ ಕೋಶದ ಪ್ರೋಟೀನು ಇದೆ, ಅದನ್ನು ಮೊದಲೇ ಸರಿಸುವ ವೈರಸ್ಸಿನ ನೆಫ್ ಎಂಬ ಪ್ರೋಟೀನು ಕೂಡ ಇದೆ.

ಒಂದು ಕೋಶದ ಪೊರೆಯಲ್ಲಿ ಇಷ್ಟು ಹೆಣಗಬೇಕಾದ ವೈರಸ್ಸು, ಕೈ ಹಿಡಿದ ಮಾತ್ರಕ್ಕೆ ದಾಟಿ ಬರುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದ ಕಾಲದಲ್ಲೇ, ಮುಂಬೈಯ ಹೋಟೆಲಿನಲ್ಲಿ ದುಡಿದು ಇದೇ ಕಾಯಿಲೆಯಾಗಿ ಮರಳಿದ ಗೆಳೆಯನನ್ನು ನೋಡಲು ಹೋಗಿದ್ದೆ. ಅವನ ತಾಯಿ ಮಜ್ಜಿಗೆ ತಂದರು. ಲೋಟವನ್ನು ತುಟಿಯವರೆಗೆ ಒಯ್ದು, ಗಂಟಲು ಸರಿಯಿಲ್ಲವೆಂದು ಜಗಲಿಯ ಮೇಲಿಟ್ಟೆ. ಮೇಲೆ ತೇಲುತ್ತಿದ್ದ ಕರಿಬೇವಿನ ಎಲೆಯನ್ನು ಅವನೂ ನೋಡಿದ, ನಾನೂ ನೋಡಿದೆ. ಆ ಮಳೆಗಾಲ ಅವನು ದಾಟಲಿಲ್ಲ. ನೀನು ಕೇಳಿದ ಪ್ರಶ್ನೆಯನ್ನು ಅವನು ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಿನಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ, ಚುಚ್ಚಿದರೆ ಹಿಂಡಬೇಡ, ಸೋಪುನೀರಿನಲ್ಲಿ ತೊಳೆದು ಆ ಗಳಿಗೆಯಲ್ಲೇ ಮೇಲಿನವರಿಗೆ ತಿಳಿಸು. ಸೋಂಕಿತರ ರಕ್ತದ ಸೂಜಿ ಆಸ್ಪತ್ರೆಯಲ್ಲಿ ಚುಚ್ಚಿದಾಗಲೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಸೋಂಕು ತಡೆಯುವ ಮಾತ್ರೆ ಆರಂಭಿಸಿ 28 ದಿನ ತೆಗೆದುಕೊಂಡರೆ ಅದೂ ಬಹಳ ಇಳಿಯುತ್ತದೆ. ಇವೆಲ್ಲ ನಿನಗೆ ತಿಳಿದದ್ದೇ, ಕ್ಷಮಿಸು. ನಿದ್ದೆಗೆಟ್ಟು ಮಾತ್ರ ಕೆಲಸಕ್ಕೆ ಕೂರಬೇಡ.

ಮೇ ತಿಂಗಳಲ್ಲಿ ಬಾ. ಹಿತ್ತಿಲಿನ ಮರದ ಹಣ್ಣನ್ನು ನೀನೇ ಬಿಡಿಸು. ಸೊಳೆಯನ್ನು ನಿನ್ನ ಕೈಯಿಂದಲೇ ತೆಗೆದುಕೊಂಡು ತಿನ್ನುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ